‘ಪರ್ಮಿಷನ್ ಡಿನೈಡ್’ ಎಂದವರು ಯಾರು? ಬ್ರೌಸರ್ ಆಟೊಮೇಷನ್ ತಡೆದು ನಿಂತಾಗ ಹಂತ ಹಂತವಾಗಿ ಹುಡುಕುವ ಬಗೆ

ಈ ಪ್ರಶ್ನೆ ನನಗೆ ಬರುವುದು ಸಾಮಾನ್ಯವಾಗಿ ಫೋಟೊ ರೂಪದಲ್ಲಿ. ಕಂಪ್ಯೂಟರ್ ಪರದೆಗೆ ಮೊಬೈಲ್ ಹಿಡಿದು ತೆಗೆದದ್ದು. ಟ್ಯೂಬ್‌ಲೈಟಿನ ಬೆಳಕು ಬಡಿದು ಅರ್ಧ ಅಕ್ಷರ ಕಾಣುವುದಿಲ್ಲ. ಕಾಣುವ ಅರ್ಧದಲ್ಲಿ ‘ಪರ್ಮಿಷನ್ ಡಿನೈಡ್’ ಎಂದಿರುತ್ತದೆ. ಕೆಳಗೊಂದು ಸಾಲು: ‘ನಿನ್ನೆಯವರೆಗೆ ಸರಿಯಿತ್ತು. ಈಗೇನು ಮಾಡುವುದು?’

ಕೇಳುವವರು ತೋಟದ ಲೆಕ್ಕ ಬರೆಯುವ ರೈಟರ್‌ಗಳು, ಹೋಂಸ್ಟೇ ನಡೆಸುವವರು, ಕೊಡಗಿನ ಕುಶಾಲನಗರ, ವಿರಾಜಪೇಟೆಯ ಸಣ್ಣ ಲೆಕ್ಕಪತ್ರ ಕಚೇರಿಗಳಲ್ಲಿ ಕೆಲಸ ಮಾಡುವವರು. ಪ್ರೋಗ್ರಾಮಿಂಗ್ ಇವರ ವೃತ್ತಿಯಲ್ಲ. ದಿನಾ ಬೆಳಿಗ್ಗೆ ಕಾಫಿ ದರದ ಪುಟ ತೆರೆದು ಅರೇಬಿಕಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರಿ, ಕಾಳುಮೆಣಸಿನ ಬೆಲೆಯನ್ನು ಎಕ್ಸೆಲ್ ಹಾಳೆಗೆ ಇಳಿಸುವ ಪುಟ್ಟ ಸ್ಕ್ರಿಪ್ಟ್ ಒಂದನ್ನು ಬೆಂಗಳೂರಿನಲ್ಲಿರುವ ತಮ್ಮನೋ ಅಳಿಯನೋ ಬರೆದುಕೊಟ್ಟಿರುತ್ತಾನೆ. ಹೀಗೆ ಬ್ರೌಸರನ್ನು ತಾನಾಗಿ ಓಡಿಸುವುದಕ್ಕೇ ಬ್ರೌಸರ್ ಆಟೊಮೇಷನ್ ಎನ್ನುವುದು. ಅದು ಕೈಕೊಟ್ಟ ದಿನ ಆತ ಫೋನ್ ಎತ್ತುವುದಿಲ್ಲ. ಅಂಥವರಿಗಾಗಿ ಈ ಲೇಖನ.

ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡಬೇಕಾಗುತ್ತದೆ, ಏಕೆಂದರೆ ‘ಅನುಮತಿ ಇಲ್ಲ’ ಎನ್ನುವವರು ಬೇರೆ ಬೇರೆ. ಒಮ್ಮೆ ವಿಂಡೋಸ್ ತಡೆದಿರುತ್ತದೆ, ಒಮ್ಮೆ ಬ್ರೌಸರ್, ಒಮ್ಮೆ ಆಚೆ ಬದಿಯ ಜಾಲತಾಣ. ಸಂಪಾಜೆ ಗೇಟಿನಲ್ಲಿ ಗಾಡಿ ನಿಲ್ಲಿಸಿದರೆ ಇನ್ನೊಂದು ಗಡಿಯ ಮಾಕುಟ್ಟದ ಗೇಟಿಗೆ ಹೋಗಿ ಕಾಗದ ತೋರಿಸಿ ಪ್ರಯೋಜನವಿಲ್ಲವಲ್ಲ? ಆದರೆ ಬಹುತೇಕರು ಮಾಡುವುದು ಅದನ್ನೇ. ಸಂದೇಶ ಕಂಡ ತಕ್ಷಣ ಐಕಾನ್ ಮೇಲೆ ಬಲ ಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಒತ್ತುತ್ತಾರೆ. ಅದರಿಂದ ಕೆಲಸ ಕೆಡುವುದೇ ಹೆಚ್ಚು. ಹೇಗೆಂದು ಮುಂದೆ ಹೇಳುತ್ತೇನೆ.

ಒಂದು ಸೂಚನೆ: ಆದೇಶಗಳನ್ನೂ ದೋಷ ಸಂದೇಶಗಳನ್ನೂ ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.

ಮೊದಲು ನಾಲ್ಕು ಪದಗಳು

ಸ್ಕ್ರಿಪ್ಟ್ ಎಂದರೆ ‘ಈ ಪುಟ ತೆರೆ, ಆ ಅಂಕಿ ಓದು, ಇಲ್ಲಿ ಬರೆ’ ಎಂಬ ಸೂಚನೆಗಳ ಪಟ್ಟಿ. ಹೆಚ್ಚಾಗಿ ಪೈಥಾನ್ ಭಾಷೆಯಲ್ಲಿರುತ್ತದೆ. ಅದರೊಳಗೆ ಸೆಲೆನಿಯಂ, ಪ್ಲೇರೈಟ್ ಅಥವಾ ಪಪೆಟಿಯರ್ ಎಂಬ ಸಾಧನಗಳಲ್ಲಿ ಒಂದನ್ನು ಬಳಸಿರುತ್ತಾರೆ. ಸೆಲೆನಿಯಂ ಇವುಗಳಲ್ಲಿ ಹಳೆಯದು, 2004ರಲ್ಲಿ ಹುಟ್ಟಿದ್ದು. ನಮ್ಮ ಕಡೆ ಓಡುತ್ತಿರುವ ಸ್ಕ್ರಿಪ್ಟ್‌ಗಳಲ್ಲಿ ನಾನು ಹೆಚ್ಚಾಗಿ ನೋಡಿರುವುದೂ ಅದನ್ನೇ.

ಡ್ರೈವರ್ ಎಂದರೆ ಸ್ಕ್ರಿಪ್ಟ್‌ಗೂ ಬ್ರೌಸರ್‌ಗೂ ನಡುವೆ ನಿಂತು ಮಾತು ದಾಟಿಸುವ ಸಣ್ಣ ತಂತ್ರಾಂಶ. ಕ್ರೋಮ್‌ಗೆ ಕ್ರೋಮ್‌ಡ್ರೈವರ್, ಫೈರ್‌ಫಾಕ್ಸ್‌ಗೆ ಗೆಕೊಡ್ರೈವರ್. ಜೀಪಿನ ಡ್ರೈವರ್ ಅಲ್ಲದಿದ್ದರೂ ಕೆಲಸ ಅಂಥದ್ದೇ: ಹೇಳಿದ ಕಡೆಗೆ ಬ್ರೌಸರನ್ನು ಓಡಿಸುವುದು.

ಪ್ರೊಫೈಲ್ ಎಂದರೆ ಬ್ರೌಸರ್ ತನ್ನ ಕುಕಿ (ನೀವು ಲಾಗಿನ್ ಆಗಿರುವುದನ್ನು ನೆನಪಿಡಲು ತಾಣಗಳು ಇಡುವ ಚೀಟಿ), ಪಾಸ್‌ವರ್ಡ್, ಇತಿಹಾಸ, ನೀವು ಕೊಟ್ಟ ಅನುಮತಿಗಳನ್ನೆಲ್ಲ ಇಟ್ಟುಕೊಳ್ಳುವ ಫೋಲ್ಡರ್. ಹೆಡ್‌ಲೆಸ್ ಎಂದರೆ ಕಿಟಕಿ ತೋರಿಸದೆ ಬ್ರೌಸರ್ ಹಿಂಬದಿಯಲ್ಲೇ ಕೆಲಸ ಮಾಡುವ ರೀತಿ.

ಹಂತ 1: ಸಂದೇಶವನ್ನು ಪೂರ್ತಿ ಓದಿ

ಪೈಥಾನ್ ದೋಷ ತೋರಿಸುವಾಗ ಹತ್ತಾರು ಸಾಲು ಉದುರಿಸುತ್ತದೆ. ನೀವು ನೋಡಬೇಕಾದದ್ದು ಕೊನೆಯ ಸಾಲನ್ನು. ಅದರಲ್ಲೂ ಆ ಸಾಲಿನ ಬಾಲವನ್ನು. ಉದಾಹರಣೆಗೆ ಸಾಲು ಹೀಗಿದೆ ಎನ್ನಿ: ‘ಪರ್ಮಿಷನ್‌ಎರರ್, ಎರ್‌ನೋ 13, ಪರ್ಮಿಷನ್ ಡಿನೈಡ್, ದರ ಡಾಟ್ ಎಕ್ಸ್‌ಎಲ್‌ಎಸ್‌ಎಕ್ಸ್’. ಎಲ್ಲರ ಕಣ್ಣು ನಿಲ್ಲುವುದು ನಡುವಿನ ‘ಡಿನೈಡ್’ ಮೇಲೆ. ಉತ್ತರ ಇರುವುದು ಕೊನೆಯ ಫೈಲ್ ಹೆಸರಿನಲ್ಲಿ. ಅಲ್ಲಿ ನಿಮ್ಮ ಎಕ್ಸೆಲ್ ಹಾಳೆಯ ಹೆಸರಿದ್ದರೆ ಬ್ರೌಸರಿಗೂ ಈ ತೊಂದರೆಗೂ ಸಂಬಂಧವೇ ಇಲ್ಲ. ಕ್ರೋಮ್‌ಡ್ರೈವರ್ ಎಂದಿದ್ದರೆ ಡ್ರೈವರ್ ಫೈಲಿನ ತೊಂದರೆ. ಯೂಸರ್ ಡೇಟಾ ಎಂದಿದ್ದರೆ ಪ್ರೊಫೈಲಿನದು.

ಸಂಖ್ಯೆಗಳನ್ನೂ ಗಮನಿಸಿ. ಎರ್‌ನೋ 13 ಮತ್ತು ವಿನ್‌ಎರರ್ 5 ಎರಡೂ ‘ಈ ಫೈಲನ್ನು ಮುಟ್ಟಲು ನಿನಗೆ ಹಕ್ಕಿಲ್ಲ’ ಎಂದು ಕಂಪ್ಯೂಟರ್ ಹೇಳುವ ಮಾತು. ವಿನ್‌ಎರರ್ 32 ಎಂದರೆ ಹಕ್ಕು ಇದೆ, ಆದರೆ ಇನ್ನೊಂದು ತಂತ್ರಾಂಶ ಅದನ್ನು ಹಿಡಿದುಕೊಂಡಿದೆ. ಇಂಥ ಹಿಡಿತಕ್ಕೂ ಪೈಥಾನ್ ಕೆಲವೊಮ್ಮೆ ಎರ್‌ನೋ 13 ಎಂದೇ ಹೇಳುತ್ತದೆ. ‘ನಾಟ್‌ಅಲೌಡ್‌ಎರರ್’ ಬಂದರೆ ತಡೆದದ್ದು ಬ್ರೌಸರ್. ಕ್ಯಾಮೆರಾ, ಸ್ಥಳ, ಕ್ಲಿಪ್‌ಬೋರ್ಡ್ ಇಂಥವುಗಳ ವಿಚಾರ. 401 ಅಥವಾ 403 ಎಂಬ ಮೂರಂಕಿ ಕಂಡರೆ ತಡೆದದ್ದು ಜಾಲತಾಣದ ಸರ್ವರ್, ನಿಮ್ಮ ಕಂಪ್ಯೂಟರ್ ನಿರಪರಾಧಿ.

‘ಸೆಷನ್ ನಾಟ್ ಕ್ರಿಯೇಟೆಡ್’ ಎಂದು ಬಂದು, ಜತೆಗೆ ಎರಡು ಆವೃತ್ತಿ ಸಂಖ್ಯೆಗಳಿದ್ದರೆ ಅದು ಅನುಮತಿಯ ತೊಂದರೆಯೇ ಅಲ್ಲ. ಕ್ರೋಮ್ ತಾನಾಗಿ ಹೊಸದಾಗಿದೆ, ಡ್ರೈವರ್ ಹಳೆಯದೇ ಉಳಿದಿದೆ. ‘ನಿನ್ನೆಯವರೆಗೆ ಸರಿಯಿತ್ತು’ ಎನ್ನುವವರಲ್ಲಿ ಇಂಥವರು ಬಹಳ. ಇದರ ಪರಿಹಾರ ಮುಂದಿನ ಹಂತದಲ್ಲೇ ಸಿಗುತ್ತದೆ.

ಹಂತ 2: ಫೈಲ್ ಮತ್ತು ಡ್ರೈವರ್

ಅತ್ಯಂತ ಸಾಮಾನ್ಯ ಕಾರಣ ನಾಚಿಕೆಯಾಗುವಷ್ಟು ಸರಳ. ಎಕ್ಸೆಲ್ ಹಾಳೆಯನ್ನು ನೀವೇ ತೆರೆದಿಟ್ಟಿದ್ದೀರಿ. ಎಕ್ಸೆಲ್‌ನಲ್ಲಿ ತೆರೆದಿರುವ ಹಾಳೆಗೆ ವಿಂಡೋಸ್‌ನಲ್ಲಿ ಬೇರೆ ತಂತ್ರಾಂಶ ಬರೆಯಲಾರದು. ಪೈಥಾನ್ ಎರ್‌ನೋ 13 ಕೊಟ್ಟು ನಿಲ್ಲುತ್ತದೆ. ಹಾಳೆ ಮುಚ್ಚಿ, ಮತ್ತೆ ಓಡಿಸಿ. ಮುಚ್ಚಿದ ಮೇಲೂ ಅದೇ ಸಂದೇಶ ಬಂದರೆ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ, ಕಿಟಕಿ ಇಲ್ಲದ ಎಕ್ಸೆಲ್ ಒಂದು ಹಿಂಬದಿಯಲ್ಲಿ ಉಳಿದಿರಬಹುದು. ಹಾಳೆ ನೆಟ್‌ವರ್ಕ್ ಫೋಲ್ಡರಿನಲ್ಲಿದ್ದರೆ ಪಕ್ಕದ ಮೇಜಿನವರು ತೆರೆದಿರಬಹುದು. ಅಡಗಿದ ಫೈಲ್‌ಗಳನ್ನು ತೋರಿಸುವ ಆಯ್ಕೆ ಹಾಕಿದರೆ, ಹಾಳೆಯ ಹೆಸರಿನ ಮುಂದೆ ಅಲೆಗೆರೆ ಮತ್ತು ಡಾಲರ್ ಚಿಹ್ನೆ ಇರುವ ಪುಟ್ಟ ಫೈಲ್ ಒಂದು ಅಲ್ಲೇ ಕಾಣುತ್ತದೆ. ಅದು ‘ಯಾರೋ ತೆರೆದಿದ್ದಾರೆ’ ಎಂಬ ಗುರುತು. ಕರೆಂಟ್ ಹೋಗಿ ಕಂಪ್ಯೂಟರ್ ಧಡಕ್ಕನೆ ನಿಂತಾಗಲೂ ಈ ಗುರುತು ಅಳಿಯದೆ ಉಳಿಯುತ್ತದೆ. ಯಾರೂ ತೆರೆದಿಲ್ಲವೆಂದು ಖಚಿತವಾದರೆ ಅಳಿಸಿಬಿಡಿ.

ಎರಡನೆಯ ಕಾರಣ ಸ್ಕ್ರಿಪ್ಟ್‌ನಲ್ಲಿ ಡ್ರೈವರಿನ ವಿಳಾಸ ತಪ್ಪಾಗಿರುವುದು. ಕ್ರೋಮ್‌ಡ್ರೈವರ್ ಫೈಲನ್ನು ತೋರಿಸುವ ಬದಲು ಅದು ಇರುವ ಫೋಲ್ಡರನ್ನು ತೋರಿಸಿರುತ್ತಾರೆ. ಫೋಲ್ಡರನ್ನು ಓಡಿಸಲು ಬರುವುದಿಲ್ಲ. ಆದರೆ ಕಂಪ್ಯೂಟರ್ ‘ಇದು ಫೋಲ್ಡರ್’ ಎಂದು ನೇರವಾಗಿ ಹೇಳದೆ ‘ಅನುಮತಿ ಇಲ್ಲ’ ಎನ್ನುತ್ತದೆ. ವಿಳಾಸದ ಕೊನೆಯಲ್ಲಿ ಫೈಲ್ ಹೆಸರು, ವಿಂಡೋಸ್ ಆದರೆ ಡಾಟ್ ಇಎಕ್ಸ್‌ಇ ಸಮೇತ, ಇದೆಯೇ ನೋಡಿ.

ಇನ್ನೂ ಒಳ್ಳೆಯದು ಆ ಸಾಲನ್ನೇ ತೆಗೆದುಹಾಕುವುದು. ಸೆಲೆನಿಯಂ 4.6ರಿಂದ ಸೆಲೆನಿಯಂ ಮ್ಯಾನೇಜರ್ ಎಂಬ ಸಹಾಯಕ ಜತೆಗೇ ಬರುತ್ತದೆ. ನಿಮ್ಮ ಕ್ರೋಮ್ ಆವೃತ್ತಿಗೆ ಹೊಂದುವ ಡ್ರೈವರನ್ನು ಅದೇ ಹುಡುಕಿ ಇಳಿಸಿಕೊಳ್ಳುತ್ತದೆ, ನಿಮ್ಮ ಬಳಕೆದಾರ ಫೋಲ್ಡರಿನಲ್ಲೇ ಇಡುತ್ತದೆ. ಪೈಥಾನ್‌ಗೆ ಸಾಧನಗಳನ್ನು ಸೇರಿಸುವ ‘ಪಿಪ್ ಇನ್‌ಸ್ಟಾಲ್’ ಆದೇಶಕ್ಕೆ ‘ಅಪ್‌ಗ್ರೇಡ್’ ಸೇರಿಸಿ ಸೆಲೆನಿಯಂ ಹೊಸದು ಮಾಡಿಕೊಳ್ಳಿ, ಹಳೆಯ ಕ್ರೋಮ್‌ಡ್ರೈವರ್ ಎಲ್ಲಿದ್ದರೂ ಅಳಿಸಿ. ಈ ‘ಎಲ್ಲಿದ್ದರೂ’ ಮುಖ್ಯ. ಪಾತ್ ಎಂಬುದು ಕಂಪ್ಯೂಟರ್ ತಂತ್ರಾಂಶಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿ. ಅದರಲ್ಲಿ ಹಳೆಯ ಡ್ರೈವರ್ ಉಳಿದಿದ್ದರೆ ಸೆಲೆನಿಯಂ ಅದನ್ನೇ ಎತ್ತಿಕೊಳ್ಳುತ್ತದೆ. ಮೇಲೆ ಹೇಳಿದ ಆವೃತ್ತಿ ಜಗಳವೂ ಇದರಿಂದಲೇ ಮುಗಿಯುತ್ತದೆ.

ಕೈಯಾರೆ ಇಳಿಸಿದ ಡ್ರೈವರೇ ಬೇಕೆಂದಾದರೆ ವಿಂಡೋಸ್‌ನಲ್ಲಿ ಅದರ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ಜನರಲ್ ಪುಟದ ಕೆಳಗೆ ‘ಅನ್‌ಬ್ಲಾಕ್’ ಚೌಕ ಕಂಡರೆ ಗುರುತು ಹಾಕಿ. ಇಂಟರ್‌ನೆಟ್‌ನಿಂದ ಬಂದ ಫೈಲ್‌ಗೆ ವಿಂಡೋಸ್ ಹಚ್ಚುವ ಮುದ್ರೆ ಅದು. ಮ್ಯಾಕ್‌ನಲ್ಲಿ ಇದೇ ಬಗೆಯ ಮುದ್ರೆಗೆ ಕ್ವಾರಂಟೈನ್ ಎನ್ನುತ್ತಾರೆ. ‘ಡೆವಲಪರ್ ಯಾರೆಂದು ಪರಿಶೀಲಿಸಲಾಗದು’ ಎಂದು ಹೇಳಿದರೆ ಸಿಸ್ಟಂ ಸೆಟ್ಟಿಂಗ್ಸ್‌ನ ಪ್ರೈವಸಿ ಆ್ಯಂಡ್ ಸೆಕ್ಯುರಿಟಿ ಪುಟದಲ್ಲಿ ಅದನ್ನು ಒಪ್ಪಬೇಕು. ಮ್ಯಾಕ್‌ನ ಸಫಾರಿಯನ್ನು ಓಡಿಸುವವರು ಅದರ ಡೆವಲಪರ್ ಆಯ್ಕೆಗಳಲ್ಲಿ ‘ಅಲೌ ರಿಮೋಟ್ ಆಟೊಮೇಷನ್’ ಕೂಡ ಹಾಕಬೇಕು.

ಎಚ್ಚರಿಕೆ: ಮುದ್ರೆ ತೆಗೆಯುವ ಮೊದಲು ಫೈಲ್ ಎಲ್ಲಿಂದ ಬಂತೆಂದು ಕೇಳಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಯಾರೋ ಕಳಿಸಿದ ಕ್ರೋಮ್‌ಡ್ರೈವರನ್ನು ಅನ್‌ಬ್ಲಾಕ್ ಮಾಡುವುದು ಬೇಡ. ಕ್ರೋಮ್ 115ರಿಂದ ಈಚೆಗೆ ಗೂಗಲ್ ಇದನ್ನು ‘ಕ್ರೋಮ್ ಫಾರ್ ಟೆಸ್ಟಿಂಗ್’ ಎಂಬ ಪುಟದಲ್ಲಿ ಇಡುತ್ತಿದೆ, ಅಲ್ಲಿಂದಲೇ ತನ್ನಿ. ಆ್ಯಂಟಿವೈರಸ್ ಡ್ರೈವರನ್ನು ಎತ್ತಿಟ್ಟಿದ್ದರೂ ಇದೇ ಮಾತು: ಆ ಒಂದು ಫೈಲಿಗೆ ವಿನಾಯಿತಿ ಕೊಡಿ, ಆ್ಯಂಟಿವೈರಸ್ಸನ್ನೇ ಮುಚ್ಚಬೇಡಿ.

ಲಿನಕ್ಸ್ ಬಳಸುವವರಿಗೆ: ಡ್ರೈವರ್ ಫೈಲಿಗೆ ‘ಓಡಿಸಬಹುದು’ ಎಂಬ ಗುರುತು ಬೇಕು. ‘ಸಿಎಚ್‌ಮಾಡ್’ ಆದೇಶಕ್ಕೆ ‘ಪ್ಲಸ್ ಎಕ್ಸ್’ ಸೇರಿಸಿ ಫೈಲ್ ಹೆಸರು ಕೊಟ್ಟರೆ ಮುಗಿಯಿತು. ಕೊಟ್ಟ ಮೇಲೂ ಗುರುತು ನಿಲ್ಲದಿದ್ದರೆ ಫೈಲ್ ಪೆನ್‌ಡ್ರೈವ್‌ನಲ್ಲಿದೆಯೇ ನೋಡಿ. ಪೆನ್‌ಡ್ರೈವ್‌ಗಳ ಫೈಲ್ ವ್ಯವಸ್ಥೆಯಲ್ಲಿ ಇಂಥ ಗುರುತಿಗೆ ಸಾಮಾನ್ಯವಾಗಿ ಜಾಗವೇ ಇರುವುದಿಲ್ಲ. ನಿಮ್ಮ ಹೋಮ್ ಫೋಲ್ಡರಿಗೆ ನಕಲು ಮಾಡಿ ಅಲ್ಲಿಂದ ಓಡಿಸಿ.

ಹಂತ 3: ಪ್ರೊಫೈಲ್ ಬೀಗ ಮತ್ತು ಉಳಿದುಹೋದ ಕ್ರೋಮ್

‘ಯೂಸರ್ ಡೇಟಾ ಡೈರೆಕ್ಟರಿ ಈಸ್ ಆಲ್ರೆಡಿ ಇನ್ ಯೂಸ್’ ಎಂಬ ಸಂದೇಶ ಬಂದವರು ಇಲ್ಲಿ ನಿಲ್ಲಿ. ಒಂದು ಪ್ರೊಫೈಲನ್ನು ಒಂದು ಹೊತ್ತಿಗೆ ಒಂದೇ ಕ್ರೋಮ್ ಬಳಸಬಹುದು. ನೀವು ದಿನನಿತ್ಯ ಬಳಸುವ ಕ್ರೋಮ್ ತೆರೆದಿಟ್ಟುಕೊಂಡು ಅದೇ ಪ್ರೊಫೈಲನ್ನು ಸ್ಕ್ರಿಪ್ಟ್‌ಗೂ ಕೊಟ್ಟರೆ ಎರಡನೆಯದಕ್ಕೆ ಬಾಗಿಲು ತೆರೆಯುವುದಿಲ್ಲ.

ತೆರೆದಿಲ್ಲ ಎನ್ನುತ್ತೀರಾ? ಟಾಸ್ಕ್ ಮ್ಯಾನೇಜರಿನಲ್ಲಿ ಡೀಟೇಲ್ಸ್ ಪುಟಕ್ಕೆ ಹೋಗಿ ಹೆಸರಿನ ಮೇಲೆ ಕ್ಲಿಕ್ ಮಾಡಿ ಅಕ್ಷರ ಕ್ರಮಕ್ಕೆ ತನ್ನಿ. ಕ್ರೋಮ್‌ಡ್ರೈವರ್ ಹೆಸರು ಒಂದರ ಕೆಳಗೊಂದು ಏಳೆಂಟು ಬಾರಿ ಕಂಡರೂ ಆಶ್ಚರ್ಯಪಡಬೇಡಿ. ಪ್ರತಿ ಸಲ ಸ್ಕ್ರಿಪ್ಟ್ ನಡುವೆ ಬಿದ್ದಾಗ ಒಂದೊಂದು ಉಳಿದಿದೆ. ಎಲ್ಲವನ್ನೂ, ಅವುಗಳ ಜತೆ ಉಳಿದ ಕ್ರೋಮ್‌ಗಳನ್ನೂ ‘ಎಂಡ್ ಟಾಸ್ಕ್’ ಮಾಡಿ. ಮತ್ತೆ ಉಳಿಯದಿರಲು ಸ್ಕ್ರಿಪ್ಟ್‌ನ ಕೊನೆಯ ಸಾಲು ನೋಡಿ. ‘ಡ್ರೈವರ್ ಡಾಟ್ ಕ್ಲೋಸ್’ ಎಂದಿದ್ದರೆ ಅದು ಆ ಕಿಟಕಿಯನ್ನಷ್ಟೇ ಮುಚ್ಚುತ್ತದೆ. ಬೇಕಾದದ್ದು ‘ಡ್ರೈವರ್ ಡಾಟ್ ಕ್ವಿಟ್’. ಅದನ್ನು ‘ಫೈನಲಿ’ ಭಾಗದಲ್ಲಿ ಬರೆದರೆ ನಡುವೆ ದೋಷ ಬಂದರೂ ಮುಚ್ಚುವ ಕೆಲಸ ತಪ್ಪುವುದಿಲ್ಲ.

ಈಗ ಇದೇ ಹಂತದ ದೊಡ್ಡ ವಿಷಯ. ತಾವು ಲಾಗಿನ್ ಆಗಿರುವ ಪ್ರೊಫೈಲನ್ನೇ ಸ್ಕ್ರಿಪ್ಟ್‌ಗೆ ಕೊಡುವ ಅಭ್ಯಾಸ ಹಲವರದು. ಮತ್ತೆ ಪಾಸ್‌ವರ್ಡ್ ಹಾಕುವ ಕೆಲಸ ತಪ್ಪುತ್ತದಲ್ಲ. 2025ರಲ್ಲಿ ಬಂದ ಕ್ರೋಮ್ 136 ಈ ದಾರಿ ಮುಚ್ಚಿದೆ. ಹೊರಗಿನ ತಂತ್ರಾಂಶ ಬ್ರೌಸರನ್ನು ನಿಯಂತ್ರಿಸುವ ರಿಮೋಟ್ ಡಿಬಗಿಂಗ್ ಎಂಬ ಬಾಗಿಲು, ಕ್ರೋಮ್‌ನ ಮೂಲ ಪ್ರೊಫೈಲ್ ಫೋಲ್ಡರಿನ ಮೇಲೆ ಈಗ ತೆರೆಯುವುದಿಲ್ಲ. ಕುಕಿ ಕದಿಯುವ ಕಳ್ಳ ತಂತ್ರಾಂಶಗಳು ಅದೇ ಬಾಗಿಲಿನಿಂದ ನುಗ್ಗುತ್ತಿದ್ದವು. ಯೋಚಿಸಿದರೆ ನಮ್ಮ ಸ್ಕ್ರಿಪ್ಟ್ ಮಾಡುತ್ತಿದ್ದದ್ದೂ ಕಳ್ಳ ಮಾಡುವುದೂ ಒಂದೇ ಕೆಲಸ. ಉದ್ದೇಶ ಬೇರೆ ಅಷ್ಟೇ. ಬ್ರೌಸರಿಗೆ ಉದ್ದೇಶ ಕಾಣುವುದಿಲ್ಲ.

ಪರಿಹಾರ: ಸ್ಕ್ರಿಪ್ಟ್‌ಗೆಂದೇ ಹೊಸ ಫೋಲ್ಡರ್ ಮಾಡಿ, ‘ಯೂಸರ್ ಡೇಟಾ ಡಿರ್’ ಆಯ್ಕೆಯಲ್ಲಿ ಅದರ ಪೂರ್ತಿ ವಿಳಾಸ ಕೊಡಿ, ಮೊದಲ ಸಲ ಕಿಟಕಿ ಕಾಣುವಂತೆ ಓಡಿಸಿ ನೀವೇ ಲಾಗಿನ್ ಆಗಿ. ಮುಂದಿನ ಸಲದಿಂದ ಅದು ನೆನಪಿಟ್ಟುಕೊಳ್ಳುತ್ತದೆ. ಹಳೆಯ ಪ್ರೊಫೈಲನ್ನು ಇಡಿಯಾಗಿ ನಕಲು ಮಾಡಿ ಇಟ್ಟರೆ ಲಾಗಿನ್ ಬರುತ್ತದೆಂದು ನಂಬಬೇಡಿ. ಇನ್ನೊಂದು ಮಾತು, ಆ ಫೋಲ್ಡರಿನೊಳಗೆ ನಿಮ್ಮ ಲಾಗಿನ್ ಇರುತ್ತದೆ. ಕಚೇರಿಯ ಎಲ್ಲರೂ ನೋಡುವ ಹಂಚಿಕೆಯ ಫೋಲ್ಡರಿನಲ್ಲಿ ಇಡಬೇಡಿ.

ಕಕ್ಕಡ ತಿಂಗಳಿನ ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರುಗಳವರಿಗೆ: ಯುಪಿಎಸ್ ಇಲ್ಲದೆ ಓಡುವ ಕಂಪ್ಯೂಟರಿನಲ್ಲಿ ಪ್ರೊಫೈಲ್ ಕೆಡುವುದು ಸಹಜ. ಈ ಬೇರೆ ಫೋಲ್ಡರಿನ ಲಾಭ ಆಗ ತಿಳಿಯುತ್ತದೆ. ಕೆಟ್ಟರೆ ಅದನ್ನು ಅಳಿಸಿ ಹೊಸದು ಮಾಡಿದರಾಯಿತು, ನಿಮ್ಮ ದಿನಬಳಕೆಯ ಬುಕ್‌ಮಾರ್ಕ್, ಪಾಸ್‌ವರ್ಡ್ ಯಾವುದಕ್ಕೂ ತೊಂದರೆಯಿಲ್ಲ.

ಹಂತ 4: ಬ್ರೌಸರ್ ಕೇಳುವ ಅನುಮತಿ

ಪುಟ ತೆರೆದ ಕೂಡಲೇ ಎಡ ಮೂಲೆಯಲ್ಲಿ ‘ಈ ತಾಣ ನಿಮಗೆ ಸೂಚನೆ ಕಳಿಸಬಯಸುತ್ತದೆ, ಅಲೌ, ಬ್ಲಾಕ್’ ಎಂಬ ಚೀಟಿ ಇಳಿಯುತ್ತದಲ್ಲ, ಅದು. ಇದನ್ನು ಕಂಡವರು ‘ಅಲರ್ಟ್ ಡಾಟ್ ಅಕ್ಸೆಪ್ಟ್’ ಬರೆದು ನೋಡುತ್ತಾರೆ. ‘ಅಲರ್ಟ್ ಇಲ್ಲ’ ಎಂಬ ಉತ್ತರ ಬರುತ್ತದೆ. ಕಣ್ಣೆದುರು ಇರುವಾಗ ಇಲ್ಲವೆಂದರೆ ಹೇಗೆ ಎಂದು ಸಿಟ್ಟು ಬರುತ್ತದೆ. ಕಾರಣವಿದು: ಆ ಚೀಟಿ ಪುಟದ ಭಾಗವಲ್ಲ, ಬ್ರೌಸರಿನ ಚೌಕಟ್ಟಿನ ಭಾಗ. ಪುಟದೊಳಗಿನ ಗುಂಡಿಗಳನ್ನು ಹುಡುಕುವ ಆದೇಶಗಳು ಅದನ್ನು ಮುಟ್ಟುವುದಿಲ್ಲ. ಹಾಗಾಗಿ ಚೀಟಿ ಇಳಿದ ಮೇಲೆ ಒತ್ತುವ ಬದಲು, ಬ್ರೌಸರ್ ಶುರುವಾಗುವ ಮೊದಲೇ ಉತ್ತರ ಹೇಳಿಟ್ಟಿರಬೇಕು.

ಸೆಲೆನಿಯಂನಲ್ಲಿ ಕ್ರೋಮ್ ಆಯ್ಕೆಗಳ ‘ಪ್ರೆಫ್ಸ್’ ಪಟ್ಟಿಗೆ ‘ಪ್ರೊಫೈಲ್ ಡಾಟ್ ಡಿಫಾಲ್ಟ್ ಕಂಟೆಂಟ್ ಸೆಟ್ಟಿಂಗ್ ವ್ಯಾಲ್ಯೂಸ್ ಡಾಟ್ ನೋಟಿಫಿಕೇಷನ್ಸ್’ ಎಂಬ ಹೆಸರು ಸೇರಿಸಿ. ಡಾಟ್‌ಗಳ ನಡುವಿನ ಪದಗಳನ್ನು ಅಂಡರ್‌ಸ್ಕೋರ್‌ನಿಂದ ಜೋಡಿಸಬೇಕು. ಅದಕ್ಕೆ ಕೊಡುವ ಅಂಕಿ 1 ಎಂದರೆ ಒಪ್ಪಿಗೆ, 2 ಎಂದರೆ ನಿರಾಕರಣೆ. ದರ ಓದುವ ಕೆಲಸಕ್ಕೆ ಸೂಚನೆಗಳು ಬೇಕಿಲ್ಲ, 2 ಕೊಡಿ. ಸ್ಥಳದ ಅನುಮತಿಗೆ ಕೊನೆಯ ಪದ ‘ಜಿಯೊಲೊಕೇಷನ್’. ಪ್ಲೇರೈಟ್‌ನಲ್ಲಿ ‘ಗ್ರಾಂಟ್ ಪರ್ಮಿಷನ್ಸ್’ ಎಂಬ ಆದೇಶವೇ ಇದೆ, ಯಾವ ತಾಣಕ್ಕೆ ಎಂದೂ ಅದರಲ್ಲಿ ಹೇಳಬಹುದು. ಹೇಳಿ, ಎಲ್ಲ ತಾಣಕ್ಕೂ ಬಾಗಿಲು ತೆಗೆದಿಡಬೇಡಿ.

ಅನುಮತಿ ಕೊಟ್ಟರೂ ಸ್ಥಳವೋ ಕ್ಯಾಮೆರಾವೋ ಸಿಗದಿದ್ದರೆ ವಿಳಾಸ ಪಟ್ಟಿಯ ಆರಂಭ ನೋಡಿ. ‘ಎಚ್‌ಟಿಟಿಪಿಎಸ್’ ಇಲ್ಲದೆ ಬರಿಯ ‘ಎಚ್‌ಟಿಟಿಪಿ’ ಇದ್ದರೆ ಕ್ರೋಮ್ ಇವೆರಡನ್ನೂ ಕೊಡುವುದೇ ಇಲ್ಲ. ಲೋಕಲ್‌ಹೋಸ್ಟ್, ಅಂದರೆ ನಿಮ್ಮ ಕಂಪ್ಯೂಟರಿನಲ್ಲೇ ಓಡುವ ಪುಟಕ್ಕೆ ಮಾತ್ರ ವಿನಾಯಿತಿ. ಅಲ್ಲೂ ಸರಿ ಇದ್ದರೆ ವಿಂಡೋಸ್‌ನ ಸ್ವಂತ ಪ್ರೈವಸಿ ಸೆಟ್ಟಿಂಗ್‌ಗಳಲ್ಲಿ ಕ್ಯಾಮೆರಾ, ಲೊಕೇಷನ್ ಆನ್ ಇವೆಯೇ ನೋಡಿ.

ಡೌನ್‌ಲೋಡ್ ತೊಂದರೆಯೂ ಇಲ್ಲೇ ಸೇರುತ್ತದೆ. ಇಳಿಸುವ ಫೋಲ್ಡರ್ ಯಾವುದೆಂದು ಹೇಳುವಾಗ ಸಿ ಡ್ರೈವ್‌ನಿಂದ ಹಿಡಿದು ಪೂರ್ತಿ ವಿಳಾಸ ಕೊಡಬೇಕು. ಡೆಸ್ಕ್‌ಟಾಪನ್ನು ಕೊಡಬೇಡಿ, ಕ್ರೋಮ್ ಅದನ್ನು ಒಪ್ಪುವುದಿಲ್ಲ. ಲಿನಕ್ಸ್‌ನಲ್ಲಿ ಹೋಮ್ ಫೋಲ್ಡರನ್ನೂ ಒಪ್ಪುವುದಿಲ್ಲ. ಅದರೊಳಗೊಂದು ಉಪಫೋಲ್ಡರ್ ಮಾಡಿ ಕೊಟ್ಟರೆ ತಕರಾರಿಲ್ಲ. ವಿಂಡೋಸ್ ಸೆಕ್ಯುರಿಟಿಯಲ್ಲಿ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ಆನ್ ಇದ್ದರೆ ಡಾಕ್ಯುಮೆಂಟ್ಸ್‌ನಂಥ ಫೋಲ್ಡರುಗಳಿಗೆ ಪೈಥಾನ್ ಬರೆಯಲಾಗದೆ ಹೋಗಬಹುದು. ಅಲ್ಲಿನ ಅನುಮತಿ ಪಟ್ಟಿಗೆ ಪೈಥಾನನ್ನು ಸೇರಿಸಿ, ಅಥವಾ ಆ ಫೋಲ್ಡರುಗಳ ಹೊರಗೆ ಬರೆಯಿರಿ.

ಕಚೇರಿಯ ಕಂಪ್ಯೂಟರಿನಲ್ಲಿ ಕ್ರೋಮ್ ಮೆನುವಿನ ಕೆಳಗೆ ‘ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ’ ಎಂದಿದ್ದರೆ ಇಷ್ಟೆಲ್ಲ ಮಾಡಿಯೂ ಫಲವಿಲ್ಲದಿರಬಹುದು. ವಿಳಾಸ ಪಟ್ಟಿಯಲ್ಲಿ ‘ಕ್ರೋಮ್’, ಕೋಲನ್ (:), ಎರಡು ಓರೆಗೆರೆ, ‘ಪಾಲಿಸಿ’ ಎಂದು ಟೈಪ್ ಮಾಡಿ ಯಾವ ನಿಯಮ ಹಾಕಿದ್ದಾರೆಂದು ನೋಡಿ. ಸಂಸ್ಥೆಯ ನಿಯಮ ನಿಮ್ಮ ಸ್ಕ್ರಿಪ್ಟ್‌ಗಿಂತ ಮೇಲೆ. ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿ ತಿದ್ದಿ ಅದನ್ನು ತೆಗೆಯಲು ಹೋಗದೆ ಕಂಪ್ಯೂಟರ್ ನೋಡಿಕೊಳ್ಳುವವರನ್ನು ಕೇಳಿ.

ಹಂತ 5: ಕೈಯಲ್ಲಿ ಓಡುತ್ತದೆ, ಬೆಳಿಗ್ಗೆ ಆರಕ್ಕೆ ತಾನಾಗಿ ಓಡುವುದಿಲ್ಲ

ಇದಕ್ಕೆ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ ತೆರೆದು ಆ ಕೆಲಸದ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಮೂರು ಕಡೆ ನೋಡಬೇಕು.

ಆ್ಯಕ್ಷನ್ಸ್ ಪುಟದಲ್ಲಿ ‘ಸ್ಟಾರ್ಟ್ ಇನ್’ ಎಂಬ ಖಾನೆ ಖಾಲಿ ಇದೆಯೇ? ಪಕ್ಕದಲ್ಲೇ ‘ಆಪ್ಷನಲ್’ ಎಂದು ಬರೆದಿರುವುದರಿಂದ ಎಲ್ಲರೂ ಖಾಲಿ ಬಿಡುತ್ತಾರೆ. ಖಾಲಿ ಬಿಟ್ಟರೆ ಸ್ಕ್ರಿಪ್ಟ್ ವಿಂಡೋಸ್‌ನ ಸಿಸ್ಟಂ32 ಫೋಲ್ಡರಿನಲ್ಲಿ ನಿಂತು ಓಡುತ್ತದೆ. ಅಲ್ಲಿ ‘ದರ ಡಾಟ್ ಸಿಎಸ್‌ವಿ ಎಂಬ ಫೈಲ್ ಬರೆ’ ಎಂದರೆ ವಿಂಡೋಸ್ ತನ್ನ ಗರ್ಭಗುಡಿಯಲ್ಲಿ ನಿಮ್ಮ ಕಾಫಿ ದರ ಬರೆಯಲು ಬಿಡುತ್ತದೆಯೇ? ಎರ್‌ನೋ 13. ಸ್ಕ್ರಿಪ್ಟ್ ಇರುವ ಫೋಲ್ಡರಿನ ವಿಳಾಸವನ್ನು ಉದ್ಧರಣ ಚಿಹ್ನೆ ಇಲ್ಲದೆ ಆ ಖಾನೆಯಲ್ಲಿ ಬರೆಯಿರಿ. ಈ ಒಂದು ಖಾನೆಯಿಂದ ನನ್ನ ಬಳಿ ಬಂದ ಎಷ್ಟೋ ಪ್ರಶ್ನೆಗಳು ಮುಗಿದಿವೆ.

ಜನರಲ್ ಪುಟದಲ್ಲಿ ಕೆಲಸ ಯಾವ ಬಳಕೆದಾರರ ಹೆಸರಿನಲ್ಲಿದೆ? ಸಿಸ್ಟಂ ಎಂದೋ ಬೇರೆಯವರ ಹೆಸರೋ ಇದ್ದರೆ ನಿಮ್ಮ ಪ್ರೊಫೈಲ್, ನಿಮ್ಮ ಡ್ರೈವರ್ ಯಾವುದೂ ಅದಕ್ಕೆ ಸಿಗದೆ ಹೋಗಬಹುದು. ಲಾಗಿನ್ ಆಗಿರದಿದ್ದರೂ ಓಡಲಿ ಎಂಬ ಆಯ್ಕೆ ಹಾಕಿದರೆ ಕಿಟಕಿ ತೋರಿಸಲು ಪರದೆಯೇ ಇರುವುದಿಲ್ಲ, ಆಗ ಹೆಡ್‌ಲೆಸ್ ರೀತಿಯೇ ಸರಿ.

ಮೂರನೆಯದು ‘ರನ್ ವಿತ್ ಹೈಯೆಸ್ಟ್ ಪ್ರಿವಿಲೇಜಸ್’. ಗುರುತು ಇದ್ದರೆ ತೆಗೆಯಿರಿ. ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದರೆ ಕೆಡುತ್ತದೆ ಎಂದೆನಲ್ಲ, ಇದು ಅದರ ಒಂದು ರೂಪ: ಕಚೇರಿಯ ಹಂಚಿಕೆಯ ಫೋಲ್ಡರನ್ನು ಜೆಡ್ ಡ್ರೈವ್ ಎಂದು ಜೋಡಿಸಿಕೊಂಡಿದ್ದರೆ, ಅಡ್ಮಿನಿಸ್ಟ್ರೇಟರ್ ಆಗಿ ಓಡುವ ಸ್ಕ್ರಿಪ್ಟ್‌ಗೆ ಸಾಮಾನ್ಯವಾಗಿ ಆ ಡ್ರೈವ್ ಕಾಣುವುದೇ ಇಲ್ಲ. ಹೆಚ್ಚು ಅಧಿಕಾರ ಕೊಟ್ಟದ್ದಕ್ಕೆ ಇದ್ದದ್ದೂ ಹೋಯಿತು. ಲಿನಕ್ಸ್‌ನಲ್ಲಿ ಇನ್ನೂ ಕೆಟ್ಟದ್ದು. ಒಮ್ಮೆ ‘ಸುಡೊ’ ಹಾಕಿ ಓಡಿಸಿದರೆ ಆಗ ಹುಟ್ಟಿದ ಫೈಲ್‌ಗಳೆಲ್ಲ ರೂಟ್, ಅಂದರೆ ಲಿನಕ್ಸ್‌ನ ಅಡ್ಮಿನಿಸ್ಟ್ರೇಟರ್, ಒಡೆತನಕ್ಕೆ ಹೋಗಬಹುದು. ಮರುದಿನ ಸಾಮಾನ್ಯ ಬಳಕೆದಾರರಾಗಿ ಓಡಿಸಿದಾಗ ನಿಮ್ಮದೇ ಫೋಲ್ಡರಿನಲ್ಲಿ ನಿಮಗೇ ಪ್ರವೇಶವಿಲ್ಲ. ‘ಸಿಎಚ್‌ಓನ್’ ಆದೇಶದಿಂದ ಒಡೆತನವನ್ನು ಮರಳಿ ಪಡೆಯಬೇಕು.

ಲಿನಕ್ಸ್‌ನ ಎರಡು ಗಂಟುಗಳನ್ನು ಇಲ್ಲೇ ಬಿಡಿಸಿಬಿಡುತ್ತೇನೆ. ಕ್ರೋಮ್ ಪುಟಗಳನ್ನು ಸ್ಯಾಂಡ್‌ಬಾಕ್ಸ್ ಎಂಬ ಬೇಲಿಯೊಳಗೆ ಓಡಿಸುತ್ತದೆ. ಕೆಟ್ಟ ಪುಟ ಕಂಪ್ಯೂಟರಿನ ಉಳಿದ ಭಾಗಕ್ಕೆ ನುಗ್ಗದಿರಲಿ ಎಂದು. ರೂಟ್ ಆಗಿ ಓಡಿಸಿದರೆ ‘ನೋ ಸ್ಯಾಂಡ್‌ಬಾಕ್ಸ್ ಹಾಕದೆ ಓಡುವುದಿಲ್ಲ’ ಎನ್ನುತ್ತದೆ. ಜನ ಆ ಆಯ್ಕೆ ಹಾಕಿ ಮುಂದೆ ಹೋಗುತ್ತಾರೆ. ಆನೆ ಕಂದಕ ಅಡ್ಡ ಬಂತೆಂದು ಮುಚ್ಚಿ ದಾರಿ ಮಾಡಿಕೊಂಡ ಹಾಗಾಯಿತು. ಸಾಮಾನ್ಯ ಬಳಕೆದಾರರಾಗಿ ಓಡಿಸಿದರೆ ಆ ಆಯ್ಕೆಯೇ ಬೇಕಾಗುವುದಿಲ್ಲ. ಉಬುಂಟು 24.04ರಲ್ಲಿ ಸಾಮಾನ್ಯ ಬಳಕೆದಾರರಿಗೂ ‘ನೋ ಯೂಸಬಲ್ ಸ್ಯಾಂಡ್‌ಬಾಕ್ಸ್’ ಎಂದು ಬಂದರೆ, ಪಪೆಟಿಯರ್ ತಾನೇ ಇಳಿಸಿಕೊಂಡ ಕ್ರೋಮ್‌ಗೆ ಆ್ಯಪ್‌ಆರ್ಮರ್ ಎಂಬ ಕಾವಲು ವ್ಯವಸ್ಥೆ ತಡೆ ಹಾಕಿದೆ. ಗೂಗಲ್‌ನ ಕ್ರೋಮ್ ಪ್ಯಾಕೇಜನ್ನೇ ಇನ್‌ಸ್ಟಾಲ್ ಮಾಡಿ ಅದನ್ನು ಬಳಸಲು ಸ್ಕ್ರಿಪ್ಟ್‌ಗೆ ಹೇಳುವುದು ಸುಲಭ ದಾರಿ.

ಇನ್ನೊಂದು ಫೈರ್‌ಫಾಕ್ಸ್‌ನದು. ಉಬುಂಟು 22.04ರಿಂದ ಅದು ಸ್ನ್ಯಾಪ್ ಎಂಬ ಮುಚ್ಚಿದ ಡಬ್ಬದಲ್ಲಿ ಬರುತ್ತದೆ. ಗೆಕೊಡ್ರೈವರ್ ತಾತ್ಕಾಲಿಕ ಫೋಲ್ಡರಿನಲ್ಲಿ ಇಟ್ಟ ಪ್ರೊಫೈಲ್ ಡಬ್ಬದೊಳಗಿನಿಂದ ಕಾಣದೆ ‘ನಿಮ್ಮ ಪ್ರೊಫೈಲ್ ತೆರೆಯಲಾಗುತ್ತಿಲ್ಲ’ ಎನ್ನುತ್ತದೆ. ಸ್ನ್ಯಾಪ್ ಜತೆಗೇ ಬಂದಿರುವ ಗೆಕೊಡ್ರೈವರ್ ಬಳಸಿ, ಅಥವಾ ‘ಟಿಎಂಪಿಡಿರ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ (ತಾತ್ಕಾಲಿಕ ಫೋಲ್ಡರ್ ಯಾವುದೆಂದು ತಂತ್ರಾಂಶಗಳಿಗೆ ತಿಳಿಸುವ ಸೆಟ್ಟಿಂಗ್) ಹೋಮ್ ಒಳಗಿನ ಒಂದು ಫೋಲ್ಡರ್ ಕೊಡಿ. ಹೆಸರು ಚುಕ್ಕೆಯಿಂದ ಶುರುವಾಗದಿರಲಿ.

ಹಂತ 6: ಜಾಲತಾಣವೇ ಬೇಡವೆಂದಾಗ

401 ಎಂದರೆ ‘ನೀನು ಯಾರು, ಲಾಗಿನ್ ಆಗು’. 403 ಎಂದರೆ ‘ಕೋರಿಕೆ ಅರ್ಥವಾಯಿತು, ಆದರೂ ಕೊಡುವುದಿಲ್ಲ’. 429 ಎಂದರೆ ‘ಎಷ್ಟು ಸಲ ಬರುತ್ತೀ, ಸ್ವಲ್ಪ ತಡಿ’. ಮೊದಲನೆಯದಕ್ಕೆ ಲಾಗಿನ್ ಮುಗಿದು ಹೋಗಿದೆಯೇ ನೋಡಿ. ಮೂರನೆಯದಕ್ಕೆ ಎರಡು ಭೇಟಿಗಳ ನಡುವೆ ಅಂತರ ಹೆಚ್ಚಿಸಿ. ಕಾಫಿ ಮಂಡಳಿ ದಿನದ ಮಾರುಕಟ್ಟೆ ಮಾಹಿತಿ ಪ್ರಕಟಿಸುತ್ತದೆ. ದಿನಕ್ಕೊಮ್ಮೆ ಬದಲಾಗುವ ಅಂಕಿಗೆ ಐದು ನಿಮಿಷಕ್ಕೊಮ್ಮೆ ಬಾಗಿಲು ಬಡಿಯುವ ಸ್ಕ್ರಿಪ್ಟ್ ನಾನು ನೋಡಿದ್ದೇನೆ. ಬರೆದವರನ್ನು ಕೇಳಿದರೆ ‘ಇರಲಿ ಅಂತ’ ಎಂದರು.

403 ಬಂದಾಗ ಅದೇ ಪುಟವನ್ನು ನಿಮ್ಮ ಮಾಮೂಲಿ ಬ್ರೌಸರಿನಲ್ಲಿ ಕೈಯಾರೆ ತೆರೆಯಿರಿ. ಅಲ್ಲೂ ಬಾರದಿದ್ದರೆ ನಿಮ್ಮ ಖಾತೆಗೇ ಆ ಪುಟದ ಹಕ್ಕಿಲ್ಲದಿರಬಹುದು. ಅಲ್ಲಿ ಬಂದು, ಸ್ಕ್ರಿಪ್ಟ್‌ಗೆ ಮಾತ್ರ ಬಾರದಿದ್ದರೆ ತಾಣ ಯಂತ್ರವನ್ನು ಗುರುತಿಸಿದೆ. ಇದರಲ್ಲಿ ಮಾಟ ಏನಿಲ್ಲ. ಡ್ರೈವರ್ ಮೂಲಕ ಓಡುವ ಬ್ರೌಸರ್ ‘ನ್ಯಾವಿಗೇಟರ್ ಡಾಟ್ ವೆಬ್‌ಡ್ರೈವರ್’ ಎಂಬ ಗುರುತಿನಲ್ಲಿ ತಾನು ಯಂತ್ರವೆಂದು ತಾನೇ ಹೇಳಿಕೊಳ್ಳುತ್ತದೆ, ವೆಬ್‌ಡ್ರೈವರ್ ಮಾನದಂಡದಲ್ಲೇ ಹಾಗಿದೆ.

ಈ ಗುರುತನ್ನು ಮರೆಮಾಚುವ, ಕ್ಯಾಪ್ಚಾ ದಾಟುವ ಉಪಾಯಗಳನ್ನು ಕೇಳಿದವರಿದ್ದಾರೆ. ಹೇಳಿಕೊಡುವುದಿಲ್ಲ. ಹಿಂದಿನ ಹಂತಗಳ ತಡೆಗಳೆಲ್ಲ ನಿಮ್ಮ ಕಂಪ್ಯೂಟರಿನವು, ತೆಗೆಯುವ ಹಕ್ಕು ನಿಮಗಿದೆ. ಇದು ಬೇರೆಯವರ ಗೇಟು. ಅನುಮತಿಯಿಲ್ಲದೆ ಬೇರೆಯವರ ಕಂಪ್ಯೂಟರ್ ವ್ಯವಸ್ಥೆಯನ್ನು ಪ್ರವೇಶಿಸುವುದರ ಬಗ್ಗೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗಳಿವೆ. 66ರಲ್ಲಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡದ ಮಾತಿದೆ. ರೈಲು ಹಳಿಯೇ ಇಲ್ಲದ ನಮ್ಮ ಜಿಲ್ಲೆಯಿಂದಲೂ ತತ್ಕಾಲ್ ಟಿಕೆಟ್ ತೆಗೆಯುವ ಸ್ಕ್ರಿಪ್ಟ್ ಸರಿಮಾಡಿಕೊಡಿ ಎಂದು ಕೇಳುತ್ತಾರೆ. ಐಆರ್‌ಸಿಟಿಸಿ ತಾಣದಲ್ಲಿ ಸ್ವಯಂಚಾಲಿತ ತಂತ್ರಾಂಶದಿಂದ ಟಿಕೆಟ್ ಕಾಯ್ದಿರಿಸಲು ಅವಕಾಶವಿಲ್ಲ, ಅದನ್ನು ಅಲ್ಲಿಗೇ ಬಿಡಿ.

ಹಲವು ಸಲ ಸ್ಕ್ರಿಪ್ಟ್ ಬೇಕಾಗಿಯೇ ಇರುವುದಿಲ್ಲ. ಹೋಂಸ್ಟೇಯವರು ಎರಡು ಬುಕಿಂಗ್ ತಾಣಗಳ ಕ್ಯಾಲೆಂಡರ್ ಹೊಂದಿಸಲು ಬ್ರೌಸರ್ ಓಡಿಸುತ್ತಾರೆ. ಏರ್‌ಬಿಎನ್‌ಬಿ, ಬುಕಿಂಗ್ ಡಾಟ್ ಕಾಮ್ ಎರಡರಲ್ಲೂ ಐಕ್ಯಾಲ್ ಎಂಬ ಕೊಂಡಿ ಸಿಗುತ್ತದೆ. ಒಂದರ ಕೊಂಡಿಯನ್ನು ಇನ್ನೊಂದಕ್ಕೆ ಕೊಟ್ಟರೆ ಅವೇ ಪರಸ್ಪರ ನೋಡಿಕೊಳ್ಳುತ್ತವೆ. ತಕ್ಷಣವಲ್ಲ, ಸ್ವಲ್ಪ ತಡವಾಗಿ. ದಸರಾ ರಜೆಯ ದಿನಗಳಲ್ಲಿ ಕಣ್ಣಿಟ್ಟಿರಿ. ತಾಣದಲ್ಲಿ ಸಿಎಸ್‌ವಿ ಡೌನ್‌ಲೋಡ್ ಗುಂಡಿಯೋ ಎಪಿಐಯೋ ಇದೆಯೇ ಎಂದೂ ನೋಡಿ. ಎಪಿಐ ಎಂದರೆ ತಂತ್ರಾಂಶಗಳಿಗೆಂದೇ ತೆರೆದಿಟ್ಟ ಬಾಗಿಲು. ಅದು ಇದ್ದರೆ ಬ್ರೌಸರ್ ಓಡಿಸುವ ಗೋಜೇ ಇಲ್ಲ.

ಹಂತ 7: ಆದರೂ ಬಗೆಹರಿಯದಿದ್ದರೆ

ಕೇಳಿ, ಆದರೆ ಫೋಟೊ ಬೇಡ. ಸಂದೇಶವನ್ನು ಮೌಸಿನಿಂದ ಆರಿಸಿ ಅಕ್ಷರರೂಪದಲ್ಲೇ ನಕಲು ಮಾಡಿ ಕಳಿಸಿ, ಮೊದಲ ಸಾಲಿನಿಂದ ಕೊನೆಯವರೆಗೆ. ಜತೆಗೆ ವಿಂಡೋಸ್ ಅಥವಾ ಲಿನಕ್ಸ್ ಯಾವುದು, ಕ್ರೋಮ್ ಆವೃತ್ತಿ ಎಷ್ಟು, ಸೆಲೆನಿಯಂ ಆವೃತ್ತಿ ಎಷ್ಟು, ಕೈಯಲ್ಲಿ ಓಡಿಸಿದಾಗಲೋ ಶೆಡ್ಯೂಲರಿನಲ್ಲೋ, ಕೊನೆಯದಾಗಿ ಸರಿಯಾಗಿ ಓಡಿದ್ದು ಯಾವಾಗ ಎಂಬುದನ್ನು ಬರೆಯಿರಿ. ಸ್ಕ್ರಿಪ್ಟ್ ಕಳಿಸುವುದಾದರೆ ಅದರೊಳಗಿನ ಪಾಸ್‌ವರ್ಡ್ ಅಳಿಸಿ ಕಳಿಸಿ. ಪ್ರೊಫೈಲ್ ಫೋಲ್ಡರನ್ನು ಜಿಪ್ ಮಾಡಿ ಯಾರಿಗೂ ಕಳಿಸಬೇಡಿ, ನನಗೂ ಕೂಡ. ಅದನ್ನು ಪಡೆದವರು ನಿಮ್ಮ ಲಾಗಿನ್‌ಗಳನ್ನೂ ಪಡೆದ ಹಾಗೆ.